ಹುಡುಕುಪಟ್ಟಿಯನ್ನು ಬರೆದವರಿಗೆ

ಕಾವುಶಕ ಇನ್ನೂರ ಎಪ್ಪತ್ತು, ಹದಿನಾಲ್ಕನೆಯ ತಿಂಗಳು, ಎರಡನೆಯ ಅಮಾವಾಸ್ಯೆಯ ಮರುದಿನ
ಇಳಿಯೂರು, ಕೋಲಾರದ ಹಳೆಯ ಚಿನ್ನದ ಗಣಿಯ ಒಳಗಿನಿಂದ

ಮಾನ್ಯರೇ,

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ಮೇಲಿನ ತಾರೀಖು ನಿಮಗೆ ಅರ್ಥವಾಗುವುದಿಲ್ಲ; ನಿಮ್ಮ ಪಂಚಾಂಗದಲ್ಲಿ ಅಂಥ ತಿಂಗಳೇ ಇಲ್ಲ. ನಾನು ಬಳಸುವ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಅವು ಬಂದಾಗ ವಿವರಿಸುತ್ತಾ ಹೋಗುತ್ತೇನೆ. ನೀವು ಗಂಡಸೋ ಹೆಂಗಸೋ, ಮುದುಕರೋ ಹುಡುಗರೋ ನನಗೆ ತಿಳಿಯದು. ನನ್ನ ಹೆಸರು ಸೊಣ್ಣಮ್ಮ. ಇಳಿಯೂರಿನ ಹುಡುಕುಮನೆಗೆ, ಎಂದರೆ ಯಂತ್ರಗಳ ರಿಪೇರಿ ಪುಟ ಹುಡುಕಿಕೊಡುವ ಮನೆಗೆ, ನಾನೇ ಹಿರಿಯಳು. ಇಷ್ಟು ನಿಧಾನವಾಗಿ ಬರೆಯುವುದು ನನ್ನ ಜಾಯಮಾನವಲ್ಲ. ಈ ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ.

ವಿಷಯ ಹೇಳಿಬಿಡುತ್ತೇನೆ. ನನ್ನ ಮಗಳು ಸುಬ್ಬರತ್ನ ಪಡುಓಣಿಯ ಬಾಗಿಲ ಹಿಂದೆ ಸಿಕ್ಕಿಕೊಂಡಿದ್ದಾಳೆ. ಅವಳ ಜೊತೆ ಅಣಬೆ ಬೆಳೆಯುವ ಮನೆಗಳವರೆಲ್ಲ ಇದ್ದಾರೆ. ಬಾಗಿಲಿನ ಈಚೆಗಿರುವ ಓಣಿಯ ತುಂಬ ಹೊಗೆ. ಆ ಹೊಗೆಯನ್ನು ಹೊರಗೆ ಎಳೆಯಬೇಕಾದ ಗಾಳಿಯಂತ್ರಕ್ಕೆ ನಾನು ಒಂದು ಸಾಲು ಆಜ್ಞೆ ಬರೆಯಬೇಕು. ಆ ಸಾಲನ್ನು ಹೇಗೆ ಬರೆಯಬೇಕೆಂದು ನಿಮ್ಮ ಹುಡುಕುಪಟ್ಟಿ ಎರಡು ಬಗೆಯಾಗಿ ಹೇಳುತ್ತಿದೆ. ಒಂದು ಬಗೆ ನನ್ನ ಮಗಳನ್ನು ಉಳಿಸುತ್ತದೆ, ಇನ್ನೊಂದು ಕೊಲ್ಲುತ್ತದೆ. ಯಾವುದು ಯಾವುದೆಂದು ಬಲ್ಲವರು ನೀವೊಬ್ಬರೇ. ನೀವು ತೀರಿಕೊಂಡು ಎಷ್ಟೋ ತಲೆಮಾರಾಯಿತು.

ಅದಕ್ಕೇ ಹಿಂದಂಚೆ ಹಿಡಿದಿದ್ದೇನೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಹೋಗುತ್ತದೆ ಎನ್ನುತ್ತಾರೆ, ತಲುಪಿತು ಎಂದು ಯಾರೂ ಬಂದು ಹೇಳಿಲ್ಲ. ಮುತ್ತಜ್ಜಿಗೆ ಕಾಗದ ಹಾಕಿ ಸಾರಿನ ಪುಡಿಯ ಅಳತೆ ಕೇಳುವವರನ್ನು ಕಂಡು ನಾನು ನಗುತ್ತಿದ್ದೆ. ಇವತ್ತು ನಾನೇ ಹಿಂದಂಚೆಯ ಡಬ್ಬಿಗೆ ಹಾಕಲು ಕಾಗದ ಬರೆಯುತ್ತಾ ಕುಳಿತಿದ್ದೇನೆ. ಗಾಳಿಯಂತ್ರಕ್ಕೆ ಹೋಗುವ ತಂತಿ ಬೆಂಕಿಯಲ್ಲಿ ಸುಟ್ಟಿದೆ. ಹೊಸ ತಂತಿ ಎಳೆಯುವವರು ಕೆಳಗಿನ ಹಂತದಿಂದ ಹತ್ತಿ ಬರುತ್ತಿದ್ದಾರೆ. ಅವರು ಬರುವ ತನಕ ನನಗೆ ಮಾಡಲು ಬೇರೇನೂ ಕೆಲಸವಿಲ್ಲ, ಸುಮ್ಮನೆ ಕುಳಿತರೆ ತಲೆ ಕೆಟ್ಟುಹೋಗುತ್ತದೆ.

ನಿಮಗೆ ನಮ್ಮ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ನೆಲದ ಮೇಲೆ ಹಗಲು ಹೊತ್ತು ನಿಲ್ಲಲಾಗದಷ್ಟು ಕಾವು ಏರಿದ ಮೇಲೆ ನಮ್ಮ ಹಿರಿಯರು ಗಣಿಗೆ ಇಳಿದರು. ಚಿನ್ನ ತೆಗೆದ ಓಣಿಗಳಲ್ಲಿ ಈಗ ಮನೆಗಳಿವೆ, ಹಾಲಿನಂಗಡಿ ಇದೆ, ಮದುವೆಯ ಚಪ್ಪರ ಹಾಕುವಷ್ಟು ಅಗಲದ ಒಂದು ಬಯಲೂ ಇದೆ. ಮೇಲಿನಿಂದ ಕನ್ನಡಿಗಳ ಮೂಲಕ ಬಿಸಿಲು ಇಳಿಸಿಕೊಂಡು ರಾಗಿ ಪೈರು ಬೆಳೆಯುತ್ತೇವೆ. ಮುದ್ದೆ ಬಿಟ್ಟಿಲ್ಲ, ಅದೊಂದು ಸಮಾಧಾನ. ಬೆಳಗ್ಗೆ ಎದ್ದವರು ಮೊದಲು ಕೈ ಎತ್ತಿ ಗಾಳಿ ಬರುತ್ತಿದೆಯೇ ಎಂದು ನೋಡುತ್ತಾರೆ, ಆಮೇಲೆ ಮುಖ ತೊಳೆಯುತ್ತಾರೆ. ನಮಗೆ ಗಾಳಿ ಕೊಡುವ ಯಂತ್ರಗಳು ನಿಮ್ಮ ಕಾಲದವು. ಅವನ್ನು ನಡೆಸುವ ಪ್ರೋಗ್ರಾಂಗಳೂ ನಿಮ್ಮ ಕಾಲದವು. ರಿಪೇರಿ ಮಾಡಬೇಕಾದಾಗ ನೋಡಿಕೊಳ್ಳುವ ಪುಟಗಳನ್ನು ನೀವು ಡಾಕ್ಯುಮೆಂಟೇಶನ್ ಎನ್ನುತ್ತಿದ್ದಿರಂತೆ. ನಾವು ಕೈಪುಟ ಎನ್ನುತ್ತೇವೆ. ಆ ಕೈಪುಟಗಳಿಗೆ ನಮಗಿರುವ ಒಂದೇ ದಾರಿ ನೀವು ಪ್ಲಗಿನ್ ಎಂದು ಕರೆದ ಪುಟ್ಟ ಪ್ರೋಗ್ರಾಂ; ನಾವು ಹುಡುಕುಪಟ್ಟಿ ಎನ್ನುವುದು ಅದನ್ನೇ.

ಎರಡು ಕೀಲಿ ಒತ್ತಿದರೆ ಪರದೆಯ ನಡುವೆ ಒಂದು ಪಟ್ಟಿ ತೆರೆಯುತ್ತದೆ. ಮೂರು ಅಕ್ಷರ ಹೊಡೆಯುವಷ್ಟರಲ್ಲಿ ಅದರ ಕೆಳಗೆ ಸಾಲುಗಳು ಮೂಡುತ್ತವೆ. ಎಂಟರ್ ಒತ್ತಿದರೆ ಪುಟ ಬರುತ್ತದೆ. ಇದನ್ನು ಏಕೆ ಮಾಡಿದಿರಿ ಎಂದು ನಿಮ್ಮ ಪ್ರೋಗ್ರಾಂನ ತಲೆಯಲ್ಲೇ ಬರೆದಿದ್ದೀರಿ: ಬ್ರೌಸರಿಗೆ ಹೋಗಿ, ಹುಡುಕಿ, ಹತ್ತು ಕಡೆ ಕ್ಲಿಕ್ಕಿಸಿ ವಾಪಸ್ ಬರುವಷ್ಟರಲ್ಲಿ ನಾನು ಏನು ಬರೆಯುತ್ತಿದ್ದೆ ಎಂಬುದೇ ಮರೆತುಹೋಗುತ್ತದೆ, ಅದಕ್ಕಾಗಿ ಈ ಲಾಂಚರ್ ಪ್ಲಗಿನ್. ಅದನ್ನು ಓದಿದಾಗಲೆಲ್ಲ ನೀವು ನನ್ನ ಜಾತಿಯವರೇ ಎನಿಸುತ್ತಿತ್ತು. ನನಗೂ ಕಾಯುವುದೆಂದರೆ ಆಗದು. ಅನ್ನ ಬೇಯುವಾಗ ಮುಚ್ಚಳ ತೆಗೆದು ತೆಗೆದು ನೋಡುವವಳು ನಾನು.

ನಿಮ್ಮ ಅವಸರ ನಮಗೆ ಬಳುವಳಿಯಾಗಿ ಬಂತು. ನಾವು ಅದನ್ನು ಹಬ್ಬ ಮಾಡಿಕೊಂಡೆವು. ನಗಬೇಡಿ. ಪ್ರತಿ ವರ್ಷ ಸುಗ್ಗಿಯ ದಿನ ಹುಡುಕುಮನೆಯಲ್ಲಿ ಮಕ್ಕಳಿಗೆ ಚಕ್ರದಾಟ ಇಡುತ್ತೇವೆ. ಗಾಳಿಯ ದಿಕ್ಕು ತಿರುಗಿಸುವ ಆಜ್ಞೆಯ ಕೈಪುಟದ ತಲೆಯಲ್ಲಿ ಒಂದು ಚಕ್ರದ ಚಿತ್ರವಿದೆ. ಮೂರಕ್ಷರ ಹೊಡೆದು, ಎಂಟರ್ ಒತ್ತಿ, ಯಾರ ಪರದೆಯಲ್ಲಿ ಮೊದಲು ಚಕ್ರ ಕಾಣುತ್ತದೋ ಅವರು ಗೆದ್ದ ಹಾಗೆ. ಗೆದ್ದವರಿಗೆ ಬೆಲ್ಲದ ಉಂಡೆ, ಹೆಗಲ ಮೇಲೆ ಹೊತ್ತು ಮೆರವಣಿಗೆ. ವರ್ಷವಿಡೀ ಮಕ್ಕಳು ಅದನ್ನೇ ಅಭ್ಯಾಸ ಮಾಡುತ್ತಾರೆ. ಚಕ್ರ ಕಂಡ ಕೂಡಲೇ ಪುಟ ಮುಚ್ಚುತ್ತಾರೆ. ಕೆಳಗೆ ಏನು ಬರೆದಿದೆ ಎಂದು ಓದಿದವರಿಲ್ಲ. ಕೆಲಸಕ್ಕೆಂದು ಆ ಆಜ್ಞೆ ಯಾರಿಗೂ ಬೇಕಾಗಿರಲಿಲ್ಲ. ದಿಕ್ಕು ತಿರುಗಿಸಬಲ್ಲ ಗಾಳಿಯಂತ್ರ ಊರಿಗೆಲ್ಲ ಒಂದೇ, ಪಡುಓಣಿಯದು. ಅದರ ದಿಕ್ಕನ್ನೂ ಇವತ್ತಿನ ತನಕ ತಿರುಗಿಸಬೇಕಾಗಿ ಬಂದಿರಲಿಲ್ಲ.

ಈಗ ಆಗಿರುವುದನ್ನು ಹೇಳುತ್ತೇನೆ. ಬೆಳಗ್ಗೆ ಪಡುಓಣಿಯ ಉಗ್ರಾಣದಲ್ಲಿ ಹಳೆಯ ರಬ್ಬರಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದರು, ಹೊಗೆ ಮಾತ್ರ ಓಣಿಯಲ್ಲೇ ತುಂಬಿಕೊಂಡಿತು. ಆ ಕಡೆಯವರು ಬಾಗಿಲು ಹಾಕಿಕೊಂಡು ಉಳಿದರು. ಅವರಿಗಿರುವ ಗಾಳಿ ಸಂಜೆಯ ತನಕ ಬಂದರೆ ಹೆಚ್ಚು. ಗಾಳಿಯಂತ್ರವನ್ನು ಎಂದಿನಂತೆ ಹಾಕಿದರೆ ಅದು ಒಳಕ್ಕೆ ಊದುತ್ತದೆ. ಹೊಗೆಯೆಲ್ಲ ಬಾಗಿಲ ಸಂದಿನಿಂದ ಅವರ ಮೇಲೆ ನುಗ್ಗುತ್ತದೆ. ರಬ್ಬರಿನ ಹೊಗೆ, ಎರಡು ಉಸಿರಿಗೆ ಮನುಷ್ಯ ಬಿದ್ದುಹೋಗುತ್ತಾನೆ. ಹಾಕಿ ನೋಡಿ ತಪ್ಪಾದರೆ ನಿಲ್ಲಿಸೋಣ ಎನ್ನುವಂತಿಲ್ಲ. ಆದ್ದರಿಂದ ತಿರುಗಿಸುವ ಆಜ್ಞೆ ಕೊಡಬೇಕು. ಆ ಆಜ್ಞೆಗೆ ಎರಡು ಹೆಸರು ಬೇಕು: ಗಾಳಿ ಎಲ್ಲಿಂದ, ಎಲ್ಲಿಗೆ.

ಪಟ್ಟಿ ತೆರೆದೆ. ಮೂರಕ್ಷರ ಹೊಡೆದೆ. ಮೊದಲ ಸಾಲು ಎದ್ದು ನಿಂತಿತು, ಚಕ್ರವೂ ಬಂತು. 'ಎಲ್ಲಿಂದ' ಮೊದಲು, 'ಎಲ್ಲಿಗೆ' ಆಮೇಲೆ ಎಂದು ಅದರಲ್ಲಿತ್ತು. ಬೇರೆ ದಿನವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವತ್ತು ಅವಸರದಲ್ಲಿ ಬೆರಳು ಜಾರಿ ಕೆಳಬಾಣದ ಕೀಲಿಗೆ ತಾಗಿತು. ಪಟ್ಟಿ ಕೆಳಕ್ಕೆ ಸರಿಯಿತು. ಎಲ್ಲಕ್ಕಿಂತ ತಳದಲ್ಲಿ ಅದೇ ಆಜ್ಞೆಯ ಇನ್ನೊಂದು ಸಾಲಿತ್ತು. ತೆರೆದೆ. ಅದೇ ಚಕ್ರ, ಅದೇ ವಿವರಣೆ. ಆದರೆ ಅದರಲ್ಲಿ 'ಎಲ್ಲಿಗೆ' ಮೊದಲು, 'ಎಲ್ಲಿಂದ' ಆಮೇಲೆ.

ಒಂದು ಪುಟ ಆಜ್ಞೆ ಬರೆಯುವ ಭಾಷೆಯ ಮೂರನೆಯ ಆವೃತ್ತಿಯದು, ಇನ್ನೊಂದು ನಾಲ್ಕನೆಯದು. ನಡುವೆ ಯಾರೋ ಮಹಾನುಭಾವರು ಹೆಸರುಗಳ ಕ್ರಮ ಬದಲಾಯಿಸಿದ್ದಾರೆ. ಪಡುಓಣಿಯ ಗಾಳಿಯಂತ್ರವನ್ನು ನಡೆಸುವ ಪೆಟ್ಟಿಗೆ ಮೂರನೆಯ ಆವೃತ್ತಿಯದು, ಅದು ಊರಿಗೇ ಗೊತ್ತು. ಆದರೆ ಯಾವ ಪುಟ ಮೂರನೆಯದೆಂದು ಸಾಲಿನ ಪಕ್ಕದಲ್ಲಿಲ್ಲ, ಪುಟದೊಳಗೂ ಇಲ್ಲ. ನಿಮ್ಮ ಪ್ರೋಗ್ರಾಂ ತೆರೆದು ಓದಿದೆ, ಸಂಖ್ಯೆ ಅಲ್ಲೂ ಉಳಿದಿಲ್ಲ. ಅಲ್ಲಿ ನಿಮ್ಮ ಕೈಯಲ್ಲೇ ಬರೆದ ಟಿಪ್ಪಣಿ ಇದೆ: ಆವೃತ್ತಿಯ ಸಂಖ್ಯೆ ತೋರಿಸಿದರೆ ಸಾಲು ಉದ್ದವಾಗಿ ಅಂದ ಕೆಡುತ್ತದೆ, ಸದ್ಯಕ್ಕೆ ತೆಗೆದಿದ್ದೇನೆ, ಆಮೇಲೆ ನೋಡೋಣ. ಮಾನ್ಯರೇ, ಆ 'ಆಮೇಲೆ' ಇವತ್ತು ಬಂದಿದೆ.

ಮೇಲಿನ ಸಾಲು ಮೇಲೇಕಿದೆ ಎಂದೂ ಅಲ್ಲೇ ತಿಳಿಯಿತು. ಹೆಚ್ಚು ಸಲ ಒತ್ತಿದ್ದು ಮೇಲಕ್ಕೆ ಬರಬೇಕೆಂದು ನೀವು ಬರೆದಿದ್ದೀರಿ. ಬಳಸುವವರಿಗೆ ಬೇಕಾದ್ದು ಬೇಗ ಸಿಗಲಿ ಎಂಬ ಒಳ್ಳೆಯ ಮನಸ್ಸು. ಆದರೆ ಇಲ್ಲಿ ಬಳಸಿದವರು ಯಾರು? ಬೆಲ್ಲದ ಉಂಡೆಗಾಗಿ ಒತ್ತಿದ ಮಕ್ಕಳು. ಮೇಲಿದೆ ಎಂದು ಒತ್ತಿದರು, ಒತ್ತಿದರೆಂದು ಮೇಲೆ ಉಳಿಯಿತು. ತಲೆತಲಾಂತರದ ಆಟ ಸೇರಿ ಒಂದು ಪುಟವನ್ನು ಪಟ್ಟಕ್ಕೇರಿಸಿದೆ. ನನ್ನ ಸುಬ್ಬರತ್ನ ಮೂರು ವರ್ಷ ಸತತವಾಗಿ ಗೆದ್ದವಳು. ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದವಳು ನಾನೇ.

ಊರಿನ ಯಜಮಾನ ಮುನಿಯಲ್ಲಪ್ಪ ಒಳ್ಳೆಯವನೇ, ಆದರೆ ಬಾಯಿಗೆ ಬೀಗವಿಲ್ಲ. ನನ್ನ ಬೆನ್ನ ಹಿಂದೆ ನಿಂತು ಒಂದೇ ಸಮ ಕೂಗಿದ: "ಮೊದಲನೇ ಸಾಲು ಒತ್ತಿ ಬಿಸಾಕು ಸೊಣ್ಣಕ್ಕ! ತಾತನ ಕಾಲದಿಂದ ಅದೇ ಬತ್ತಾ ಐತೆ. ಊರಿಗೆಲ್ಲ ಬಿರ್ರನೆ ಹುಡುಕಿಕೊಡೋಳು ನೀನು, ಇವತ್ತು ನೀನೇ ಹಿಂಗೆ ಕುಂತ್ಕಂಡ್ರೆ ಹೆಂಗಮ್ಮಾ?" ನಾನು ಒತ್ತಲಿಲ್ಲ. ಎರಡು ಪುಟಗಳನ್ನೂ ಅಕ್ಷರ ಬಿಡದೆ ಓದಿದೆ, ಮತ್ತೆ ಓದಿದೆ. ನನ್ನ ಆಯುಸ್ಸಿನಲ್ಲಿ ಒಂದು ಕೈಪುಟವನ್ನು ಕೊನೆಯ ತನಕ ಓದಿದ್ದು ಇದೇ ಮೊದಲು. ಚೆನ್ನಾಗಿ ಬರೆದಿದ್ದಾರೆ ಪಾಪ, ಉದಾಹರಣೆಗಳನ್ನೂ ಕೊಟ್ಟಿದ್ದಾರೆ. ಯಾವ ಆವೃತ್ತಿಯದೆಂಬ ಸುಳಿವು ಮಾತ್ರ ಎಲ್ಲೂ ಇಲ್ಲ.

ಪಡುಓಣಿಗೂ ಹುಡುಕುಮನೆಗೂ ನಡುವೆ ಬಂಡೆಯೊಳಗೆ ಒಂದು ಮಾತುಕೊಳವೆ ಇದೆ. ಅದಕ್ಕೆ ಕಿವಿ ಇಟ್ಟರೆ ಆ ತುದಿಯ ಮಾತು ಕೇಳುತ್ತದೆ. ಮಗಳನ್ನು ಕರೆದೆ. ವಿಷಯ ಮುಚ್ಚಿಡಲು ಹೋದೆ, ಆಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಅವಳ ದನಿ ಬಂತು: "ಅಮ್ಮಾ, ಇಲ್ಲಿ ಸೆಕೆ ಜಾಸ್ತಿ ಆಯ್ತಾ ಐತೆ. ಮಕ್ಕಳನ್ನ ನೆಲದ ಮೇಲೆ ಮಲಗ್ಸಿದೀವಿ. ಬೇಗ ಮಾಡು ಅಂತ ಮಾತ್ರ ನಾನು ಹೇಳಾಕಿಲ್ಲ. ನೋಡ್ಕೊಂಡು ಮಾಡಮ್ಮಾ." ಬೇಗ ಬೇಗ ಎಂದೇ ಸಾಕಿದ ಮಗಳು ನನಗೆ ಹೀಗೆ ಹೇಳಿದಳು. ಕೊಳವೆಗೆ ಹಣೆ ಒತ್ತಿಕೊಂಡು ಅತ್ತೆ.

ಈಗ ನನ್ನ ಕೋರಿಕೆ. ದೊಡ್ಡದೇನಲ್ಲ. ನೀವು ಈ ಪ್ಲಗಿನ್ ಬರೆಯುತ್ತಿರುವ ಮೇಜಿನ ಮುಂದೆ ಈ ಕಾಗದ ಬಂದು ಬಿದ್ದರೆ, ಆ ಟಿಪ್ಪಣಿ ಇರುವ ಜಾಗಕ್ಕೆ ಹೋಗಿ. 'ಆಮೇಲೆ ನೋಡೋಣ' ಎಂಬುದನ್ನು ಅಳಿಸಿ. ಪ್ರತಿ ಸಾಲಿನ ಪಕ್ಕ ಅದು ಯಾವ ಆವೃತ್ತಿಯದೆಂದು ಒಂದು ಸಂಖ್ಯೆ ತೋರಿಸಿ. ಸಾಲು ಉದ್ದವಾಗಲಿ. ಅಂದ ಕೆಡಲಿ. ಬೇಕಾದರೆ ಬಣ್ಣ ಮಾಸಲು ಮಾಡಿ, ಅಕ್ಷರ ಚಿಕ್ಕದು ಮಾಡಿ, ಮೂಲೆಗೆ ತಳ್ಳಿ. ಇದ್ದರೆ ಸಾಕು. ನಿಮಗೆ ಅರ್ಧ ಲೋಟ ಕಾಫಿ ಆರುವಷ್ಟು ಹೊತ್ತಿನ ಕೆಲಸ. ಅಲ್ಲಿ ನೀವು ಬರೆದರೆ ಇಲ್ಲಿ ನನ್ನ ಪರದೆಯಲ್ಲಿ ಕಾಣಬೇಕು. ಹಾಗೆಂದು ನಾನು ಲೆಕ್ಕ ಹಾಕಿದ್ದೇನೆ, ಲೆಕ್ಕ ಸರಿಯೋ ಹುಚ್ಚೋ ಗೊತ್ತಿಲ್ಲ.

ಕಾಣದಿದ್ದರೆ ಏನು ಮಾಡುತ್ತೇನೆಂದೂ ಹೇಳಿಬಿಡುತ್ತೇನೆ, ನಿಮ್ಮಿಂದ ಮುಚ್ಚಿಡುವುದೇನಿದೆ. ತಳದ ಸಾಲಿನಂತೆ ಬರೆಯುತ್ತೇನೆ. ಅದಕ್ಕೆ ನನ್ನಲ್ಲಿ ಆಧಾರವಿಲ್ಲ. ಮೇಲಿನದನ್ನು ಮೇಲೇರಿಸಿದ್ದು ಬರೀ ಅವಸರ ಎಂಬುದು ನನಗೆ ಗೊತ್ತು, ತಳದ್ದರ ಬಗ್ಗೆ ಏನೂ ಗೊತ್ತಿಲ್ಲ; ಅಷ್ಟೇ ವ್ಯತ್ಯಾಸ. ಇಷ್ಟರ ಮೇಲೆ ಒಬ್ಬ ತಾಯಿ ಮಗಳ ಜೀವ ಇಡಬೇಕಾಗಿದೆ. ನಿಮ್ಮ ಮೇಲೆ ನನಗೆ ಕೋಪವಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಪಟ್ಟಿ ಇಲ್ಲದಿದ್ದರೆ ನಾವು ಇಷ್ಟು ತಲೆಮಾರು ಉಸಿರಾಡುತ್ತಿರಲಿಲ್ಲ ಎಂಬುದೂ ನೆನಪಿದೆ. ಕೋಪವನ್ನೂ ಋಣವನ್ನೂ ಒಟ್ಟಿಗೇ ಕಳಿಸುತ್ತಿದ್ದೇನೆ.

ಓಣಿಯ ತುದಿಯಲ್ಲಿ ಹೆಜ್ಜೆ ಸದ್ದು ಕೇಳಿಸುತ್ತಿದೆ. ತಂತಿ ಬಂತು. ಈ ಕಾಗದ ಡಬ್ಬಿಗೆ ಬೀಳಬೇಕು. ನೀವು ಇದನ್ನು ಓದುವ ಹೊತ್ತಿಗೆ ನನ್ನ ಮಗಳು ಇನ್ನೂ ಹುಟ್ಟಿಲ್ಲ, ಅವಳಿಗೆ ಏನೂ ಆಗಿಲ್ಲ. ನಿಮ್ಮ ಮುಂದೆ ಇನ್ನೂರು ಚಿಲ್ಲರೆ ವರ್ಷ ಬಿದ್ದಿದೆ. ದಯವಿಟ್ಟು ಅಷ್ಟು ಇದೆಯಲ್ಲ ಎಂದು ಕೂರಬೇಡಿ.

ಹೋಗಿಬರುತ್ತೇನೆ. ಕಾಗದ ಹಾಕಿ ಬಂದು ಪಟ್ಟಿ ತೆರೆಯುವ ಎರಡು ಕೀಲಿಗಳ ಮೇಲೆ ಬೆರಳಿಡುತ್ತೇನೆ. ಮುನಿಯಲ್ಲಪ್ಪ ಒತ್ತು ಒತ್ತು ಎನ್ನುತ್ತಾನೆ. ನಾನು ಕೂಡಲೇ ಒತ್ತುವುದಿಲ್ಲ. ಹುಟ್ಟಿದಾಗಿನಿಂದ ಯಾವುದಕ್ಕೂ ಕಾಯದವಳು, ನೀವು ಬರೆದು ಮುಗಿಸಲಿ ಎಂದು ಒಂದಿಷ್ಟು ಹೊತ್ತು ಕಾಯುತ್ತೇನೆ.

ಸೊಣ್ಣಮ್ಮ
ಸುಬ್ಬರತ್ನಳ ತಾಯಿ