ಮಂಡಗದ್ದೆಯಲ್ಲಿ ಹೆಣ್ಣು ನೋಡಿಹೋದ ವಿದ್ಯಾರ್ಥಿವೇತನ ಅಧಿಕಾರಿಗಳಿಗೆ

ಮಾನ್ಯ ವಿದ್ಯಾರ್ಥಿವೇತನ ಅಧಿಕಾರಿಗಳೇ,

ನನ್ನ ಅಕ್ಕ ಸರೋಜಳ ಮದುವೆ ಬರುವ ಮಾಘಮಾಸಕ್ಕೆ ನಿಶ್ಚಯವಾಗಿದೆ, ಆದ್ದರಿಂದ ಅವಳನ್ನು ಸರ್ಕಾರದ ಖರ್ಚಿನಲ್ಲಿ ಇಂಗ್ಲೆಂಡಿಗೆ ಕಳುಹಿಸುವುದು ಸೂಕ್ತವಲ್ಲ ಎಂದು ತಾವು ವರದಿ ಬರೆದಿದ್ದೀರಂತೆ. ಬಹಳ ಸಂತೋಷ. ಆದರೆ ಹೆಣ್ಣಿನ ಒಡಹುಟ್ಟಿದವನಾದ ನನಗೇ ಗಂಡು ಯಾರೆಂಬುದು ತಿಳಿದಿರಲಿಲ್ಲ. ಮನೆಮಂದಿಯನ್ನೆಲ್ಲ ವಿಚಾರಣೆಗೆ ಒಳಪಡಿಸಿ, ಸಾಕ್ಷ್ಯಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಮೇಲೆ, ಗಂಡಿನ ಕಡೆಯವರು ತಾವೇ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಈ ಸಂಬಂಧ ತಮಗೇ ಗೊತ್ತಿಲ್ಲದಂತೆ ಕುದುರಿರುವುದರಿಂದ, ಅದು ಹೇಗೆ ಕುದುರಿತೆಂಬುದನ್ನು ನಾಲ್ಕು ಜನರೆದುರು ನಿವೇದಿಸಿಕೊಳ್ಳಬೇಕಾಗಿದೆ.

ಸರೋಜ ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ, ಹೊಸನಗರದ ಬ್ಲಾಕ್ ಕಚೇರಿಯಲ್ಲಿ ಹಳ್ಳಿ ಹೆಂಗಸರ ಯೋಜನೆಗಳನ್ನು ನೋಡಿಕೊಳ್ಳುವ ಮುಖ್ಯಸೇವಿಕೆಯಾಗಿರುವವಳು. ಶರಾವತಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದ ಒಕ್ಕಲುಗಳ ನಡುವೆ ತಿರುಗಾಡಿ ಚಪ್ಪಲಿ ಸವೆಸಿದವಳು. ಆ ತಿರುಗಾಟದ ಮೇಲೆ ಅವಳು ಬರೆದು ಕಳಿಸಿದ ಪ್ರಬಂಧವನ್ನು ಓದಿ, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದವರು 'ಅಂತರರಾಷ್ಟ್ರೀಯ ಅಭಿವೃದ್ಧಿ' ಎಂಬ ಸ್ನಾತಕೋತ್ತರ ವ್ಯಾಸಂಗಕ್ಕೆ ಸೀಟು ಕೊಟ್ಟರು. ಅದೆಂಥ ಓದು ಎಂದು ಊರವರು ಕೇಳಿದರೆ ಅಪ್ಪ ಮಂಜಯ್ಯನವರು ಸಿದ್ಧ ಉತ್ತರವೊಂದನ್ನು ಇಟ್ಟುಕೊಂಡಿದ್ದಾರೆ: ಬಡ ದೇಶ ಯಾಕೆ ಬಡವಾಗಿದೆ ಎಂಬುದನ್ನು ಶ್ರೀಮಂತ ದೇಶಕ್ಕೆ ಹೋಗಿ ಕಲಿತುಬರುವುದು. ಈ ತಿಂಗಳ ಕೊನೆಯೊಳಗೆ ತಮ್ಮ ಇಲಾಖೆಯ ಒಪ್ಪಿಗೆ ಮುಟ್ಟದಿದ್ದರೆ ಆ ಸೀಟು ಬೇರೆಯವರ ಪಾಲು. ತಮಾಷೆಯೆಲ್ಲ ಒಂದು ಕಡೆಗಿರಲಿ, ವಿಷಯ ಇಷ್ಟೇ.

ಅಭ್ಯರ್ಥಿಯನ್ನೂ ಗೃಹಪರಿಸ್ಥಿತಿಯನ್ನೂ ನೋಡಲು ಶ್ರಾವಣದ ಒಂದು ಭಾನುವಾರ ಅಧಿಕಾರಿಗಳು ಬರುವರೆಂದು ತಮ್ಮ ಕಚೇರಿಯಿಂದ ಕಾಗದ ಬಂತು. ಮದುವೆಗೆ ಬಂದ ಮಗಳನ್ನು ಯಾರೋ ದೊಡ್ಡ ಮನುಷ್ಯರು ನೋಡಲು ಬರುತ್ತಾರೆಂದರೆ ನಮ್ಮ ತೀರ್ಥಹಳ್ಳಿ ಸೀಮೆಯ ತಾಯಿ ಏನು ಮಾಡುತ್ತಾಳೋ ನಮ್ಮಮ್ಮ ವೆಂಕಮ್ಮನೂ ಅದನ್ನೇ ಮಾಡಿದಳು. ಪಕ್ಕದ ಮನೆಯ ದುಗ್ಗಮ್ಮನವರಿಂದ ಕುರ್ಚಿಗಳು ಬಂದವು, ಉಪ್ಪಿಟ್ಟು ಕೇಸರಿಬಾತು ಆಯಿತು, ಸರೋಜಳ ತಲೆಗೆ ಮೊಳ ಮಲ್ಲಿಗೆ ಏರಿತು. ಅವಳು ಹೂವು ಕಿತ್ತು ತೆಗೆಯುತ್ತಾ ಹೇಳಿದಳು: "ಅಮ್ಮ, ಅವ್ರು ಸ್ಕಾಲರ್‌ಷಿಪ್ಪಿನೋರು."

"ಸ್ಕಾಲರ್‌ಷಿಪ್ಪಿನೋರ ಮನೇಲಿ ಗಂಡುಮಕ್ಳು ಇರಲ್ವೇನೇ?" ಎಂದು ಅಮ್ಮ ಹೂವನ್ನು ಮತ್ತೆ ಮುಡಿಸಿದಳು.

ಇದಕ್ಕೆ ಸರ್ಕಾರದ ಬಳಿ ಉತ್ತರವಿದೆಯೇ? ಅಷ್ಟಾದರೂ ಅಮ್ಮನಿಗೆ ಒಂದಿಷ್ಟು ಅನುಮಾನ ಉಳಿದಿತ್ತು. ಆದರೆ ಜೀಪಿನಿಂದ ತಮ್ಮ ಹಿಂದೆಯೇ ತಮ್ಮ ಧರ್ಮಪತ್ನಿಯವರು ರೇಷ್ಮೆ ಸೀರೆಯಲ್ಲಿ ಇಳಿದರು. ತಪಾಸಣೆ ಮುಗಿಸಿ ತುಂಗೆಯ ನಡುಗಡ್ಡೆಯ ಕೊಕ್ಕರೆಗಳನ್ನು ನೋಡಿಹೋಗುವ ಕಾರ್ಯಕ್ರಮ ತಮ್ಮದಾಗಿತ್ತೆಂದು ಆಮೇಲೆ ತಿಳಿಯಿತು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಯಾವ ಅಧಿಕಾರಿಯ ವರದಿಯೂ ಇಲ್ಲದೆ ದೂರದ ನಾಡುಗಳನ್ನು ಸುತ್ತಿಬರುವ ಅಭ್ಯರ್ಥಿಗಳು ಹೇಗಿರುತ್ತಾರೆಂದು ತಾವು ನೋಡಿಕೊಂಡದ್ದು ಒಳ್ಳೆಯದೇ. ಆದರೆ ಗಂಡಹೆಂಡತಿ ಜೋಡಿಯಾಗಿ ಬಂದು ಹೆಣ್ಣಿನ ಮನೆಯ ಜಮಖಾನೆಯ ಮೇಲೆ ಕುಳಿತರೆ ಅದಕ್ಕೆ ನಮ್ಮಲ್ಲಿ ಒಂದೇ ಹೆಸರು.

ತಾವು ಕೇಳಿದ ಪ್ರಶ್ನೆಗಳನ್ನು ನೆನಪಿಸಲೇ? ಅಡುಗೆ ಬರುತ್ತದೆಯೇ. ಹಾಡು ಬರುತ್ತದೆಯೇ. ಮೈ ಹುಷಾರಿರುತ್ತದೆಯೇ. ಕೂದಲು ಉದ್ದವಿದೆ, ಅಲ್ಲಿನ ಚಳಿಗೆ ಒಣಗುವುದು ಕಷ್ಟ ಎಂದು ತಮ್ಮ ಧರ್ಮಪತ್ನಿಯವರು ಅಂದಾಗ, ಗಂಡಿನ ಊರು ಬೆಂಗಳೂರೇ ಸರಿ ಎಂದು ನಮ್ಮಮ್ಮ ಖಾತ್ರಿ ಮಾಡಿಕೊಂಡಳು. ಓದಿನ ಬಗ್ಗೆ ತಾವು ಕೇಳಿದ್ದು ಒಂದೇ ಪ್ರಶ್ನೆ, ಅದೂ ಕೇಸರಿಬಾತು ಎರಡನೇ ಸಲ ಬಂದಾಗ: ಇದನ್ನೆಲ್ಲ ಕಲಿತು ಏನಾಗಬೇಕು?

"ಹೊಳೆಗೆ ಅಣೆ ಕಟ್ಟಿದ್ದಕ್ಕೆ ಕರೆಂಟು ಎಲ್ಲಿಗೆ ಹೋಯ್ತು ಅಂತ ಅಣೆ ಪಕ್ಕದ ಕಾರ್ಗಲ್ಲಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ ಸರ್," ಎಂದಳು ಸರೋಜ. "ಜನ ಎಲ್ಲಿಗೆ ಹೋದ್ರು ಅಂದ್ರೆ ಯಾರಿಗೂ ಗೊತ್ತಿಲ್ಲ. ಬೇರೆ ದೇಶಗಳಲ್ಲೂ ಹಿಂಗೇನಾ, ಅಥವಾ ಇದಕ್ಕೆ ಬೇರೆ ದಾರಿ ಇದೆಯಾ ಅಂತ ತಿಳ್ಕಬೇಕು."

ತಾವು "ಗುಡ್" ಎಂದಿರಿ. ತಮ್ಮ ಧರ್ಮಪತ್ನಿಯವರು, ಸಾಕು, ಒಳಗೆ ಹೋಗು ಮಗು ಎಂದರು. ಹುಡುಗಿ ಒಳಗೆ ಹೋದ ಮೇಲೆ ದೊಡ್ಡವರ ಮಾತು ಶುರುವಾಗುವುದು ಪದ್ಧತಿ. ತಾವೂ ಪದ್ಧತಿ ಬಿಡಲಿಲ್ಲ. "ಮದುವೆ ಯಾವಾಗ ಮಾಡ್ತೀರಿ?" ಎಂದು ಅಪ್ಪನನ್ನು ಕೇಳಿದಿರಿ. ಗಂಡಿನ ಕಡೆಯವರೇ ಬಾಯಿಬಿಟ್ಟು ಹೀಗೆ ಕೇಳಿದ ಮೇಲೆ ಬಿಂಕ ಮಾಡುವುದುಂಟೇ? ಬಾಗಿಲ ಮರೆಯಿಂದ ಅಮ್ಮ, "ಮಾಘದಲ್ಲೇ ಮಾಡಿಬಿಡಾಣ. ನಮ್ದೇನೂ ತಕರಾರಿಲ್ಲ," ಎಂದಳು. ತಮ್ಮ ಚಾಲಕರಿಗೆ ಕಾಫಿ ಕೊಟ್ಟು ನಾನು ಜಗಲಿ ಹತ್ತುವಷ್ಟರಲ್ಲಿ ಮಾಘಮಾಸ ತಮ್ಮ ಕಡತ ಸೇರಿಯಾಗಿತ್ತು. ಹೊರಡುವಾಗ ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದಿರಿ. ಲೋಕದ ಸಮಸ್ತ ಬೀಗರೂ ಆಡುವ ಮಾತು ಅದು.

ಮುಂದಿನದನ್ನು ದುಗ್ಗಮ್ಮನವರು ವಹಿಸಿಕೊಂಡರು. ಅವರು ಬಸ್ಸಿನ ಕಂಡಕ್ಟರಿಗೆ ಹೇಳಿದ ಸುದ್ದಿ ಸಂಜೆಯೊಳಗೆ ತೀರ್ಥಹಳ್ಳಿ ದಾಟಿ, ಮರುದಿನ ಸಾಗರ ಮುಟ್ಟಿತು. ಹೆಣ್ಣು ನೋಡಲು ಸಾಗರದ ಕಡೆಯಿಂದ ಬರಬೇಕಿದ್ದ ನಿಜವಾದ ಗಂಡಿನವರು ದೊಡ್ಡ ಸಂಬಂಧ ಸಿಕ್ಕಿತಂತೆ, ಒಳ್ಳೆಯದಾಗಲಿ ಎಂದು ಹೇಳಿಕಳಿಸಿ ಅಲ್ಲೇ ಉಳಿದರು. ತಮ್ಮ ಉತ್ತರ ಬಾರದೆ ಅಪ್ಪ ಕಚೇರಿಗೆ ಹೋದರೆ, ತಮ್ಮ ಗುಮಾಸ್ತರು ಎದ್ದು ನಿಂತು ಕೈಕುಲುಕಿ ಲಗ್ನಪತ್ರಿಕೆ ಕೇಳಿದರು. ನಡೆದದ್ದು ಇದು ಎಂದು ಅಪ್ಪ ವಿವರಿಸಿದ್ದಕ್ಕೆ, ಸಾಹೇಬರು ಬರೆದಾಗಿದೆ, ಇನ್ನು ತಿದ್ದಲಾಗದು ಎಂಬ ಸಮಾಧಾನ ಸಿಕ್ಕಿತು. ಹೀಗೆ ನನ್ನ ಅಕ್ಕನಿಗೆ ಮದುವೆಯ ಕಾರಣಕ್ಕೆ ಓದು ತಪ್ಪಿದೆ, ಓದಿನ ಕಾರಣಕ್ಕೆ ಮದುವೆ ತಪ್ಪಿದೆ. ಒಂದು ಪ್ಲೇಟು ಉಪ್ಪಿಟ್ಟಿನಲ್ಲಿ ಇಷ್ಟು ಕೆಲಸ ಮಾಡಿದ ಇಲಾಖೆ ಈ ಮೈಸೂರು ರಾಜ್ಯದಲ್ಲಿ ಇನ್ನೊಂದಿದೆಯೇ?

ಕಳೆದ ವರ್ಷ ಇದೇ ವಿದ್ಯಾರ್ಥಿವೇತನದಲ್ಲಿ ವಿದೇಶಕ್ಕೆ ಹೋದ ಗಂಡಸೊಬ್ಬ ನನಗೆ ಗೊತ್ತು. ಹೋಗುವಾಗ ಮದುವೆಯಾಗಿತ್ತು, ಮಗು ಅಂಬೆಗಾಲಿಕ್ಕುತ್ತಿತ್ತು. ಅವನಿಗೆ ಸಾರು ಮಾಡಲು ಬರುತ್ತದೆಯೇ ಎಂದು ಸರ್ಕಾರ ಕೇಳಲಿಲ್ಲ. ಕ್ರಾಪು ಚಳಿಗೆ ಒಣಗೀತೇ ಎಂದು ಯಾರೂ ಮರುಗಲಿಲ್ಲ. ಅಷ್ಟೇಕೆ, ಸರೋಜಳ ಮದುವೆ ನಿಜವಾಗಿಯೇ ನಿಶ್ಚಯವಾಗಿದ್ದರೂ ತಮಗೇನು? ತಾಳಿ ಕಟ್ಟಿದ ಕೂಡಲೇ ಅರ್ಥಶಾಸ್ತ್ರ ಮರೆತುಹೋಗುತ್ತದೆಂದು ಯಾವ ವಿಶ್ವವಿದ್ಯಾಲಯ ಕಂಡುಹಿಡಿದಿದೆ? ಈ ದೇಶದ ಅಭಿವೃದ್ಧಿಗೆ ಅಡ್ಡಿಯೇನೆಂದು ತಿಳಿಯಲು ಅವಳು ಸಮುದ್ರ ದಾಟಬೇಕಾಗಿಯೇ ಇಲ್ಲವೇನೋ ಎಂಬ ಸಂದೇಹ ನನಗೆ ಬಂದಿದೆ. ಅಡ್ಡಿಗಳು ಜೀಪಿನಲ್ಲಿ ಮನೆಗೇ ಬರುತ್ತವೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ವರದಿಯಲ್ಲಿನ ಮಾಘಮಾಸದ ಸಾಲನ್ನು ಹೊಡೆದುಹಾಕಿ, ಅವಳು ಹೊಳೆಯ ಬಗ್ಗೆ ಹೇಳಿದ ಮಾತನ್ನು ಅಲ್ಲಿ ಬರೆದು, ತಿಂಗಳು ಮುಗಿಯುವ ಮುಂಚೆ ಒಪ್ಪಿಗೆ ಕಳುಹಿಸತಕ್ಕದ್ದು. ತಪ್ಪಿದಲ್ಲಿ, ಹೆಣ್ಣು ನೋಡಿಹೋದವರ ಮನೆಯನ್ನು ಹೆಣ್ಣಿನ ಕಡೆಯವರು ನೋಡಿಬರುವ ಪದ್ಧತಿಯೂ ನಮ್ಮಲ್ಲಿದೆ ಎಂಬುದನ್ನು ಗಮನಕ್ಕೆ ತರುತ್ತೇನೆ. ಬರುವ ಸೋಮವಾರ ತಮ್ಮ ಕಚೇರಿಗೆ ಬರುತ್ತಿದ್ದೇವೆ. ಇದು ನನ್ನ ಕೀಟಲೆ ಎಂದು ತಾವು ತಳ್ಳಿಹಾಕಬಾರದು. ಕಚೇರಿಯಲ್ಲಿ ಕೇಳಿದ್ದನ್ನು ಅಪ್ಪ ಮನೆಯಲ್ಲಿ ಹೇಳಿದ ದಿನ ಅಮ್ಮ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಮಡಿಕೆ ಬಿಡಿಸುತ್ತಾ ಅವಳೇ ಅಂದಳು:

"ಆ ಮಾತು ಆಡ್ದೋಳು ನಾನು, ನಾನೇ ಹೋಗಿ ವಾಪಸ್ ತಗತೀನಿ. ಮಗಳು ಓದ್ಕಂಡು ಬರ್ಲಿ. ಮಾಘ ವರ್ಷ ವರ್ಷ ಬತ್ತದೆ."

ಇಂತಿ,
ತಮ್ಮ ಕಚೇರಿಯ ಭಾವಮೈದುನನೆಂದು ಸಾಗರದ ಕಾಲೇಜಿನಲ್ಲಿ ದಿನವೂ ಗೇಲಿಗೊಳಗಾಗುತ್ತಿರುವ,
ವಾಸಪ್ಪ, ಮಂಡಗದ್ದೆ