ಬಾಗಿಲಿನ ಹೊರಮೈ

ಅಪ್ಪಾ,

ನೀನು ಎಣ್ಣೆ ಹಚ್ಚುತ್ತಿದ್ದ ಪಟೇಲರ ಮನೆಯ ಬಾಗಿಲು ನನ್ನ ಕೈಗೇ ಬಂದಿತ್ತು. ನಂಬುತ್ತೀಯಾ? ಮನೆ ಕೆಡವಿದರಂತೆ. ಅವರ ಮೊಮ್ಮಗ ಹಳೆ ಮರವನ್ನೆಲ್ಲ ಲಾರಿಗೆ ಹೇರಿಸಿ, ಶಾಂತಿಗ್ರಾಮದ ಹತ್ತಿರ ನಾನು ಪಾಲಿಶ್ ಕೆಲಸಕ್ಕಿರುವ ಫರ್ನಿಚರ್ ಅಂಗಡಿಗೆ ತಂದಿಳಿಸಿದ. ಹೊಳೆನರಸೀಪುರದ ಆಚೆ ಅವರ ತೋಟದ ಬಯಲಲ್ಲಿ ಹಾಕಲು ಒಂದು ಬೆಂಚು ಬೇಕಂತೆ. ಮಳೆ ಬಿಸಿಲು ಎರಡನ್ನೂ ತಡೆಯಬೇಕಂತೆ.

ಯುಗಾದಿ ಹತ್ತಿರ ಬಂದರೆ ನೀನು ಹುಚ್ಚೆಳ್ಳೆಣ್ಣೆಯ ಚೊಂಬು ಹಿಡಿದು ಅಲ್ಲಿಗೆ ಹೊರಡುತ್ತಿದ್ದೆ. ನಾನೂ ಹಿಂದೆ ಬರುತ್ತಿದ್ದೆ. ನಮ್ಮನ್ನು ಕಂಡ ಕೂಡಲೇ ಒಳಗಿನವರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ನೀನು ಹೊಸ್ತಿಲಿನ ಈಚೆ ನಿಂತು ಹರಿದ ಪಂಚೆಯ ಚೂರಿನಿಂದ ಉಜ್ಜುತ್ತಿದ್ದೆ. ಒಳಗಡೆ ಯಾರು ಹಚ್ಚುತ್ತಾರೆ ಎಂದು ಕೇಳಿದ್ದಕ್ಕೆ, "ಅವ್ರ ಮನೆಯೋರು ಅಚ್ಕತಾರೆ, ನಮಗ್ಯಾಕವ್ವ? ಈ ಬಾಗ್ಲು ಇಂಗೆ ಮಿಂಚ್ತೈತಲ್ಲ, ಅದು ನನ್ ಕೈ ಕೆಲ್ಸ ಕಣವ್ವ" ಅಂದಿದ್ದೆ. ಎಂಥ ಜಂಬ ನಿನಗೆ! ಒಂದು ದಿನವೂ ನಿನ್ನನ್ನು ದಾಟಲು ಬಿಡದ ಬಾಗಿಲಿನ ಮೇಲೆ ಅಷ್ಟು ಜಂಬ ಎಲ್ಲಿಂದ ಬರುತ್ತಿತ್ತಪ್ಪ? ನೆನೆದರೆ ಈಗಲೂ ನಿನ್ನ ಮೇಲೇ ಸಿಟ್ಟು ಬರುತ್ತದೆ.

ಬಾಗಿಲನ್ನು ಮಗುಚಿ ಹಾಕಿದಾಗ ಗೊತ್ತಾಯಿತು. ಅವರ ಮನೆಯವರು ಒಳಮೈಗೆ ಒಂದು ಹನಿ ಎಣ್ಣೆ ಮುಟ್ಟಿಸಿರಲಿಲ್ಲ. ಬಿರುಕು ಬಿಟ್ಟು ಹುಳ ಹಿಡಿದಿತ್ತು. ನಿನ್ನ ಕಡೆಯ ಹೊನ್ನೆ ಮರ ಮಾತ್ರ ಗಟ್ಟಿ. ಬೆಂಚಿನ ಮೇಲ್ಭಾಗಕ್ಕೆ ಅದೇ ಆಗಬೇಕಿತ್ತು. ಆದರೆ ಜಿಡ್ಡುಗಟ್ಟಿದ ಮರ ಹೊಸ ಎಣ್ಣೆ ಕುಡಿಯುವುದಿಲ್ಲ, ಮೊದಲು ಹೆರೆಯಬೇಕು. ಹೆರೆದೆ. ಮೊಳೆ ಕಿತ್ತೆ, ತೂತು ಮುಚ್ಚಿದೆ, ಉಪ್ಪುಕಾಗದ ಹಾಕಿ ಉಜ್ಜಿದೆ. ನೀನು ಜೀವಮಾನವೆಲ್ಲ ಹಚ್ಚಿದ್ದು ಕಪ್ಪು ಪುಡಿಯಾಗಿ ಕಾಲ ಬುಡಕ್ಕೆ ಬಿತ್ತು. ಅದನ್ನು ಗುಡಿಸಿ ಎಸೆಯುವಾಗ ನನಗೆ... ಹೋಗಲಿ ಬಿಡು. ವಾರ್ನಿಷ್ ಬಿಸಿಲಿಗೆ ಸಿಪ್ಪೆ ಏಳುತ್ತದೆಂದು ಅಗಸೆ ಎಣ್ಣೆಯನ್ನೇ ಹಚ್ಚಿದೆ, ಒರೆಸಿದೆ, ಒಣಗಲು ಬಿಟ್ಟು ಮತ್ತೆ ಹಚ್ಚಿದೆ.

ಕೆಲಸ ನೋಡಲು ಬಂದ ಮೊಮ್ಮಗ ಜೊತೆಯಲ್ಲಿದ್ದ ಗೆಳೆಯನಿಗೆ ಹೇಳುತ್ತಿದ್ದ: "ನಮ್ಮ ತಾತ ಈ ಬಾಗಿಲಿಗೆ ತಾವೇ ಕೈಯಾರೆ ಎಣ್ಣೆ ಹಚ್ತಿದ್ರು ಗೊತ್ತಾ?" ನನಗೆ ತಡೆಯಲಾಗಲಿಲ್ಲ.

"ಅಲ್ಲ ಸಾ, ಅಚ್ತಿದ್ದಿದ್ದು ನಮ್ಮಪ್ಪ."

"ಯಾರಮ್ಮ ನಿಮ್ಮಪ್ಪ?"

ನಿನ್ನ ಹೆಸರು ಹೇಳಿದೆ. ನಮ್ಮ ಕೇರಿಯ ಹೆಸರನ್ನೂ ಹೇಳಿದೆ. ಅವನು "ಓ, ಹೌದಾ" ಅಂದು ಫೋನ್ ನೋಡತೊಡಗಿದ. ಕೆಲಸ ನಿನ್ನದು ಎಂಬ ಒಂದು ಮಾತು ಅವನ ಬಾಯಿಂದ ಬರಲಿ ಅಂತ ಕಾದೆ ಕಣಪ್ಪ. ಬರಲಿಲ್ಲ.

ಬೆಂಚನ್ನು ತೋಟಕ್ಕೆ ಇಳಿಸಿದ ದಿನ ನಾನೂ ಹೋಗಿದ್ದೆ. ಕಾಲು ಅಲುಗಾಡುತ್ತದೆಯೇ ಎಂದು ಕೂತು ನೋಡುವುದು ನಮ್ಮ ಕೆಲಸವೇ. ಕೂತೆ. ಕಾಲು ಗಟ್ಟಿಯಾಗಿಯೇ ಇತ್ತು. ಆದರೂ ಏಳಲಿಲ್ಲ, ಬೆನ್ನು ಒರಗಿಸಿ ಆರಾಮವಾಗಿ ಕೂತೆ. ನೀನಿದ್ದಿದ್ದರೆ "ಏಳವ್ವ, ಯಾರಾರ ನೋಡ್ತಾರೆ" ಅನ್ನುತ್ತಿದ್ದೆ, ಅಲ್ಲವಾ? ನೋಡಿದರು. ಮೊಮ್ಮಗ ತೋಟದ ಮನೆಯ ಜಗಲಿಯಲ್ಲೇ ನಿಂತಿದ್ದ. ನಕ್ಕ ಕೂಡ.

ಮಾರನೆಯ ದಿನ ಓನರ್ ನನ್ನನ್ನು ಕರೆದರು. "ಬೆಂಚ್ ಮೇಲೆ ಮಾರ್ಕ್ ಬಿದ್ದೈತಂತೆ ಕಣಮ್ಮ. ನೀನೇ ಓಗಿ ಹೆರೆದು, ಹೊಸದಾಗಿ ಎಣ್ಣೆ ಹಾಕ್ಬುಟ್ಟು ಬಾ."

"ಎಲ್ಲಿ ಬಿದ್ದೈತಂತೆ ಸಾ?"

ಅವರು ನನ್ನ ಮುಖ ನೋಡಲಿಲ್ಲ. "ನೀನು ಕೂತಿದ್ಯಲ್ಲ, ಅಲ್ಲಿ."

ಒಣಗಿ ಗಟ್ಟಿಯಾದ ಎಣ್ಣೆಯ ಮೇಲೆ ಹೆಂಗಸೊಬ್ಬಳು ಕೂತರೆ ಯಾವ ಮಾರ್ಕ್ ಬೀಳುತ್ತದಪ್ಪ? ಓನರಿಗೂ ಗೊತ್ತು, ನನಗೂ ಗೊತ್ತು. "ನಾನ್ ಓಗಲ್ಲ ಸಾ" ಅಂದೆ.

"ಕೆಲಸ ಓಯ್ತದೆ ನೋಡು."

"ಓಗ್ಲಿ."

ಮನೆಗೆ ಬಂದು, ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲಿರುವ ನಿನ್ನ ಫೋಟೊದ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆ ಬೇರೆ ಕಡೆ ಕೆಲಸ ಕೇಳಬೇಕು, ಚನ್ನರಾಯಪಟ್ಟಣದಲ್ಲೋ ಹಾಸನದಲ್ಲೋ. ಸಿಗುತ್ತದೋ ಇಲ್ಲವೋ. ನೀನು ಹಚ್ಚಿದ್ದನ್ನು ಅವರಿಗೋಸ್ಕರ ನನ್ನ ಕೈಯಾರೆ ಹೆರೆದು ಹಾಕಿದೆ ಅಪ್ಪಾ. ನಾನು ಕೂತಿದ್ದನ್ನು ಮಾತ್ರ ಹೆರೆಯುವುದಿಲ್ಲ.