ಕುಡಿದು ಬಿದ್ದವಳಲ್ಲ

ವಿಲ್ಫ್,

ಪೇಸ್‌ಮೇಕರ್ ಹಾಕಿಸಿಕೊಳ್ಳಲು ನ್ಯೂಕ್ಯಾಸಲ್ಲಿನ ಆಸ್ಪತ್ರೆಗೆ ಹೊರಟಿದ್ದೇನೆ. ನೀನು ಇನ್ನೂ ಗೊರಕೆ ಹೊಡೆಯುತ್ತಿದ್ದೀಯ. ಎಬ್ಬಿಸಿ ಹೇಳುವಷ್ಟು ಮರ್ಯಾದೆ ನನಗೆ ನಿನ್ನ ಮೇಲೆ ಉಳಿದಿಲ್ಲ.

ಫ್ರಿಜ್ಜಿನಲ್ಲಿ ಮಾಂಸದ ಪೈ ಇದೆ. ಬಿಸಿ ಮಾಡಲು ಬಾರದಿದ್ದರೆ ತಣ್ಣಗೇ ತಿನ್ನು. ಅದಕ್ಕೂ ಮೊದಲು ಬೆಕ್ಕಿಗೆ ಅದರ ಊಟ ಹಾಕು.

ಹೋದ ವಾರ ಡಾಕ್ಟರು ನನ್ನ ಕುತ್ತಿಗೆಯ ಪಕ್ಕ ಬೆರಳಿಟ್ಟು ಮೆಲ್ಲಗೆ ಉಜ್ಜಿದರು. ಅಷ್ಟಕ್ಕೇ ಎದೆಬಡಿತ ಕೆಲವು ಕ್ಷಣ ನಿಂತು ನನಗೆ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ, "ಕತ್ತು ತಿರುಗಿಸಿದಾಗ ಹೀಗೇ ಆಗ್ತಿತ್ತು, ನಿಮಗೆ ಗೊತ್ತೇ ಆಗ್ತಿರ್ಲಿಲ್ಲ. ಪೇಸ್‌ಮೇಕರ್ ಹಾಕಿದ್ಮೇಲೆ ಬೀಳೋದೇ ಇಲ್ಲ ಅಂತ ಹೇಳಲಾರೆ, ಆದ್ರೆ ಹೀಗೆ ಬೀಳೋದು ತಪ್ಪಬೇಕು" ಎಂದರು.

ನಿನಗೆ ಡಾಕ್ಟರಿಗಿಂತ ಹೆಚ್ಚು ಗೊತ್ತಿತ್ತಲ್ಲ. ಅಂಚೆ ಕಚೇರಿಯಲ್ಲಿ ನಾನು ಬಿದ್ದಾಗ ಎಲ್ಲರೆದುರು, "ನಮ್ಮಕ್ಕ ಬೆಳಗ್ಗೇನೇ ಶುರು ಹಚ್ಕೊಂಡಿರ್ತಾಳೆ" ಎಂದೆ. ಅಕ್ಕನನ್ನು ಎತ್ತುವ ಮೊದಲು ಬಗ್ಗಿ ಅವಳ ಬಾಯಿ ಮೂಸಿದ ತಮ್ಮ ಈ ಊರಿನಲ್ಲಿ ನೀನೊಬ್ಬನೇ. ಆಮೇಲೆ ಚರ್ಚಿನ ಹೆಂಗಸರು, "ನೀವು ಕೂತ್ಕೊಳ್ಳಿ ಮ್ಯೂರಿಯಲ್" ಎಂದು ನನ್ನ ಕೈಯಿಂದ ಚಹಾದ ತಟ್ಟೆ ತೆಗೆದುಕೊಂಡರು. ಕೊನೆಗೆ ನನಗೇ ನನ್ನ ಮೇಲೆ ಅನುಮಾನ ಬಂತು. ಕ್ರಿಸ್‌ಮಸ್ಸಿಗೆಂದು ಇಟ್ಟಿದ್ದ ಷೆರಿ ವೈನನ್ನೂ ಸಿಂಕಿಗೆ ಸುರಿದೆ. ಆಮೇಲೂ ಬಿದ್ದೆ.

ಇವತ್ತು ಮಧ್ಯಾಹ್ನ ಆ ಹೆಂಗಸರೆಲ್ಲ ಚರ್ಚಿನಲ್ಲಿ ಸೇರುತ್ತಾರೆ. ಹೋಗಿ ನಿನ್ನ ಬಾಯಿಂದಲೇ ನಿಜ ಹೇಳು. ಅಂಗಿ ಬದಲಿಸಿಕೊಂಡು ಹೋಗು.

ಆಸ್ಪತ್ರೆಗೆ ಬರಬೇಡ. ನಿಮಗೆ ತೀರಾ ಹತ್ತಿರದವರು ಯಾರು ಎಂದು ಹೋದ ವಾರವೇ ಅಲ್ಲಿನ ನರ್ಸ್ ಕೇಳಿದಳು. ಪಕ್ಕದ ಮನೆಯ ಡೊರೀನ್ ಹೆಸರು ಹೇಳಿದ್ದೇನೆ.

ಮ್ಯೂರಿಯಲ್